ಮಲ್ಲವ್ವನ ಮನೆಯ ಫೋಟೋಪಾಸು

ನನಗೆ ಎಲ್ಲ ಗೊತ್ತು ಎಂದು ಕುರ್ಲಾದ ಆ ಗಲ್ಲಿಯವರೆಲ್ಲ ನಂಬಿದ್ದ ಕಾಲವೊಂದಿತ್ತು. ಅವರೆಲ್ಲರಿಗಿಂತ ಹೆಚ್ಚು ನಂಬಿದ್ದವಳು ನಾನೇ. ಬೆಳಿಗ್ಗೆ ಬಾಲವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವುದು, ಮಧ್ಯಾಹ್ನ ಅವರ ತಾಯಂದಿರಿಗೆ ರೇಷನ್ ಕಾರ್ಡಿನ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಕಾರ್ಕಳದ ಕಡೆಯಿಂದ ಬಂದ ನನ್ನ ಹೆಸರು ಶೀಲಾವತಿ; ಅದನ್ನು ಅಲ್ಲಿ ಯಾರೂ ಕೇಳಿದವರಲ್ಲ. ಬಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಆ ಜನಕ್ಕೆ ನಾನು ‘ಬಾಯಾರು’, ಅಂದರೆ ಟೀಚರಮ್ಮ. ಯಾರಾದರೂ ಸಂಶಯ ಕೇಳಿದರೆ ನಾನು ‘ಗೊತ್ತಿಲ್ಲ’ ಎಂದದ್ದು ನೆನಪಿಲ್ಲ. ಗೊತ್ತಿಲ್ಲದಿದ್ದರೂ ಏನಾದರೊಂದು ಹೇಳಿಬಿಡುತ್ತಿದ್ದೆ.

ಎಪ್ಪತ್ತಾರರ ಜನವರಿಯಲ್ಲಿ ಸರ್ಕಾರ ಮುಂಬಯಿಯ ಗುಡಿಸಲುಗಳನ್ನು ಎಣಿಸಲು ಹೊರಟಿತು. ಪ್ರತಿ ಗುಡಿಸಲಿಗೂ ಒಂದು ನಂಬರು. ಮನೆಯವರು ಬಾಗಿಲ ಮುಂದೆ ನಂಬರು ಬರೆದ ಸ್ಲೇಟು ಹಿಡಿದು ನಿಲ್ಲಬೇಕು, ಫೋಟೋ ತೆಗೆಯುತ್ತಾರೆ, ಆಮೇಲೆ ಆ ಫೋಟೋ ಅಂಟಿಸಿದ ಪಾಸು ಕೊಡುತ್ತಾರೆ. ಮುಂದೆಂದಾದರೂ ಗುಡಿಸಲು ಕೆಡವಿದರೆ ಪಾಸು ಇದ್ದವರಿಗೆ ಬೇರೆ ಕಡೆ ಜಾಗ ಸಿಗುತ್ತದೆ ಎಂಬ ಮಾತಿತ್ತು. ಈ ಊರಿನಲ್ಲಿ ಒಂದು ಕಾಗದದ ಮೇಲೆ ತಮ್ಮ ಹೆಸರನ್ನೇ ಕಾಣದ ಜನಕ್ಕೆ ಅದು ಸಣ್ಣ ಮಾತಲ್ಲ. ಆ ವಾರವಿಡೀ ನಾನು ಮನೆಮನೆ ಸುತ್ತಿ, ಎಣಿಕೆಯ ದಿನ ಯಾರೂ ಕೆಲಸಕ್ಕೆ ಹೋಗಕೂಡದು ಎಂದು ತಾಕೀತು ಮಾಡಿದೆ.

ಮಲ್ಲವ್ವನ ಗಂಡ ಅಣವೀರಪ್ಪ ಮಾತ್ರ ಊರಲ್ಲಿರಲಿಲ್ಲ. ನಾಸಿಕದ ಕಡೆ ಕಾಲುವೆ ಕೆಲಸಕ್ಕೆ ಹೋಗಿ ಮೂರು ತಿಂಗಳಾಗಿತ್ತು. ಗಲ್ಲಿಯಲ್ಲೇ ಗಟ್ಟಿ ಮನೆ ಅವನದು. ಕೆಲಸ ಮಾಡಿದ ಕಡೆಯಿಂದೆಲ್ಲ ಒಂದೊಂದು ತಗಡು, ಒಂದೊಂದು ಒಡೆದ ಶಹಾಬಾದ್ ಕಲ್ಲು ಹೊತ್ತು ತಂದು ಎಂಟು ವರ್ಷ ಕೂತು ಕಟ್ಟಿದ್ದ. ಗಂಡಸಿಲ್ಲದ ಗುಡಿಸಲನ್ನು ಖಾಲಿ ಎಂದು ಬರೆದುಕೊಳ್ಳುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಮಲ್ಲವ್ವ ಬಂದು ಹೌದೇನು ಎಂದು ಕೇಳಿದಳು. ನಾನು ಹೌದು ಎಂದೆ. ಎಣಿಸಲು ಬಂದ ಗುಮಾಸ್ತನನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬಾಯಾರಿಗೂ ಗೊತ್ತಿಲ್ಲ ಎಂದಾಗುತ್ತದಲ್ಲ, ಅದಕ್ಕೇ ಕೇಳಲಿಲ್ಲ.

ಉಪಾಯವನ್ನೂ ನಾನೇ ಹುಡುಕಿದೆ. ಅಣವೀರಪ್ಪನ ತಮ್ಮ ಮರೆಪ್ಪ ಅವರ ಜೊತೆಗೇ ಇದ್ದ. ಇಪ್ಪತ್ತರ ಪ್ರಾಯ, ಬಣ್ಣ ಹಚ್ಚುವ ಕೆಲಸ. ಮನೆಯ ಯಜಮಾನನ ಜಾಗದಲ್ಲಿ ಅವನೇ ನಿಂತರಾಯಿತು ಎಂದೆ. ಮಲ್ಲವ್ವ ಮುಖ ಕೆಂಪಗೆ ಮಾಡಿಕೊಂಡಳು. ಅವಳು ಮದುವೆಯಾಗಿ ಬಂದಾಗ ಮರೆಪ್ಪನಿಗೆ ಐದು ವರ್ಷ, ತಾಯಿ ತೀರಿಕೊಂಡಿದ್ದಳು.

“ಬ್ಯಾಡ್ರೀ ಬಾಯಾರ. ಇವನ ಮೂಗು ಒರಸಿ ಬೆಳಸೀನಿ ನಾ. ಗಂಡಾ ಹೆಂಡತಿ ಅಂತ ಬಾಜೂಕ ಹ್ಯಾಂಗ ನಿಂದರ್ಲಿ?”

“ಒಂದು ಫೋಟೋ ಅಲ್ವಾ ಮಾರಾಯ್ತಿ. ಮನೆ ಬೇಕಾ, ಬೇಡ್ವಾ? ಸುಮ್ನೆ ನಿಲ್ಲು.”

ನಿಂತಳು. ಮರೆಪ್ಪ ಸ್ಲೇಟು ಹಿಡಿದು ನೆಲ ನೋಡಿದ. ಅವಳು ಸೆರಗನ್ನು ಹಣೆಯ ತನಕ ಎಳೆದುಕೊಂಡು ಎರಡು ಮಾರು ದೂರ ನಿಂತಿದ್ದಳು. ಫೋಟೋದವನು ಹತ್ತಿರ ಬಾ, ಹತ್ತಿರ ಬಾ ಎಂದು ಕೈಬೀಸಿ ಕರೆದ. ಗುಮಾಸ್ತ ಬರೆದುಕೊಂಡ: ಮರೆಪ್ಪ, ಪತ್ನಿ ಮಲ್ಲವ್ವ.

ಇನ್ನರ್ಧ ಗಂಟೆಯಲ್ಲಿ ಅವರು ಹಿಂದಿನ ಸಾಲಿಗೆ ಹೋದರು. ಅಲ್ಲಿ ಅಂಬವ್ವ ಇದ್ದಳು, ಪೇರಲೆಹಣ್ಣು ಮಾರುವ ವಿಧವೆ. ಪಾಪ, ಇವಳ ಗುಡಿಸಲು ಹೋಯಿತು ಎಂದುಕೊಂಡು ನಾನು ಮರುಗುತ್ತ ನಿಂತಿದ್ದೆ. ಅಂಬವ್ವ ಸ್ಲೇಟು ಕಸಿದುಕೊಂಡು ಎದೆಗೆ ಹಿಡಿದು ನೆಟ್ಟಗೆ ನಿಂತಳು. ಗಂಡಸು ಯಾರು ಎಂದು ಗುಮಾಸ್ತ ಕೇಳಿದ. ಯಾರೂ ಇಲ್ಲ, ನಾನೇ ಎಂದಳು. ಅವನು ತಲೆ ಕೂಡ ಎತ್ತದೆ ಅವಳ ಹೆಸರು ಬರೆದುಕೊಂಡು ಮುಂದಿನ ಮನೆಗೆ ನಡೆದ.

ಆಗಲೇ ನಾನು ಅವನ ಹಿಂದೆ ಓಡಿ, ಮಲ್ಲವ್ವನ ಮನೆಯದು ತಪ್ಪಾಗಿದೆ, ತಿದ್ದಿ ಎನ್ನಬಹುದಿತ್ತು. ಓಡಲಿಲ್ಲ. ಮಲ್ಲವ್ವನಿಗೂ ಹೇಳಲಿಲ್ಲ. ಪಾಸು ಬಂದರೆ ಸಾಕಲ್ಲ, ಯಾರ ಹೆಸರಲ್ಲಿದ್ದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪಾಸು ಬಂತು. ಹೋಳಿಯ ಹೊತ್ತಿಗೆ ಅಣವೀರಪ್ಪನೂ ಬಂದ. ಪಾಸನ್ನು ಬೆಳಕಿಗೆ ಹಿಡಿದು ನೋಡಿ ಮೊದಲು ನಕ್ಕ. ಆಮೇಲೆ ಬಹಳ ಹೊತ್ತು ನೋಡುತ್ತಲೇ ಕೂತ. “ನಾ ಕಟ್ಟಿದ ಮನೀ ಮುಂದ ನಾನೇ ಇಲ್ಲಲ್ಲ” ಎಂದ. ಅಷ್ಟೇ ಹೇಳಿದ್ದು. ಆದರೆ ಗಲ್ಲಿಯ ಗಂಡಸರು ಅಷ್ಟಕ್ಕೆ ಬಿಡುವವರೇ? ನಲ್ಲಿಯ ಹತ್ತಿರ ಮರೆಪ್ಪ ಕಂಡರೆ ಸಾಕು, ಹೆಂಡತಿ ಚೆನ್ನಾಗಿದ್ದಾಳೇನೋ ಎಂದು ಕೇಳಿ ಕಿಸಕ್ಕೆನ್ನುವರು. ಒಂದು ದಿನ ಅಣವೀರಪ್ಪ ಊಟಕ್ಕೆ ಕೂತವನು, ತಮ್ಮ ಬಂದು ಪಕ್ಕದಲ್ಲಿ ಕೂತದ್ದೇ ತಟ್ಟೆ ಎತ್ತಿಕೊಂಡು ಹೊರಗೆ ಹೋದ. ಮರುದಿನ ಮರೆಪ್ಪ ಬಟ್ಟೆಯ ಗಂಟು ಕಟ್ಟಿಕೊಂಡು ಅಂಧೇರಿಯ ಕಡೆ ಕೆಲಸ ಹುಡುಕಿ ಹೊರಟುಹೋದ. ಮಲ್ಲವ್ವ ನನ್ನ ಹತ್ತಿರ ಅಳಲಿಲ್ಲ, ಬೈಯಲೂ ಇಲ್ಲ. ಬಾಲವಾಡಿಯ ಕಡೆ ಬರುವುದನ್ನು ಕಡಿಮೆ ಮಾಡಿದಳು.

ಎರಡು ವರ್ಷದ ಮೇಲೆ ಗಲ್ಲಿಯ ಜಾಗ ಸರ್ಕಾರಕ್ಕೆ ಬೇಕೆಂದು ನೋಟೀಸು ಬಂತು. ಪಾಸು ಇದ್ದವರಿಗೆ ಉಪನಗರದ ಆಚೆ ಹತ್ತು ಅಡಿಗೆ ಹದಿನೈದು ಅಡಿ ಜಾಗ, ಅವರವರ ಹೆಸರಿಗೆ ಕಾಗದ. ಆದರೆ ಫೋಟೋದಲ್ಲಿದ್ದವರು ಸಾಹೇಬರ ಮೇಜಿನ ಮುಂದೆ ನಿಂತು ಮುಖ ತೋರಿಸಬೇಕು. ನಾನು ಮೂರು ಭಾನುವಾರ ಅಂಧೇರಿಯಲ್ಲಿ ಅಲೆದು, ಕಟ್ಟುತ್ತಿದ್ದ ಬಿಲ್ಡಿಂಗೊಂದರಲ್ಲಿ ಮರೆಪ್ಪನನ್ನು ಪತ್ತೆ ಹಚ್ಚಿದೆ. ಅವನು ಒಲ್ಲೆ ಎಂದ. ಅತ್ತಿಗೆ ಬೀದಿಗೆ ಬೀಳುತ್ತಾಳೆ ಎಂದು ನಾನು ಹೇಳಿದ ಮೇಲೆ ಒಪ್ಪಿದ. ಮುಖ ತೋರಿಸುವ ದಿನದ ಹಿಂದಿನ ಸಂಜೆ ಮಲ್ಲವ್ವನನ್ನು ಕೂರಿಸಿಕೊಂಡು, ಸಾಹೇಬರು ಏನು ಕೇಳಿದರೂ ತಲೆಯಾಡಿಸಿದರೆ ಸಾಕು ಎಂದು ಹೇಳಿಕೊಟ್ಟೆ. ಅವಳು ಕೇಳಿಸಿಕೊಂಡಳು.

ಮೈದಾನದಲ್ಲಿ ಮೇಜು ಹಾಕಿದ್ದರು. ಅಂಬವ್ವ ಒಂದು ನಿಮಿಷದಲ್ಲಿ ಕಾಗದ ಪಡೆದು ಬಂದಳು. ಆಮೇಲೆ ಮರೆಪ್ಪನನ್ನೂ ಮಲ್ಲವ್ವನನ್ನೂ ಕರೆದರು. ಅಣವೀರಪ್ಪ ದೂರದಲ್ಲಿ ಜನರ ಹಿಂದೆ ನಿಂತಿದ್ದ. ಸಾಹೇಬರು ಕೆಟ್ಟವರಲ್ಲ. ನರೆ ಕಾಣಿಸಿಕೊಳ್ಳುತ್ತಿದ್ದ ಹೆಂಗಸನ್ನೂ ಪಕ್ಕದ ಎಳೆಯನನ್ನೂ ನೋಡಿ ಅವರಿಗೆ ಏನೋ ಅನ್ನಿಸಿರಬೇಕು. ಇವನು ನಿನ್ನ ಗಂಡನೇ ಎಂದು ಹಿಂದಿಯಲ್ಲಿ ಕೇಳಿದರು.

ನಾನು ಮೂರು ಮಾರು ಆಚೆ ನಿಂತು, ತಲೆಯಾಡಿಸು ಎಂದು ಕಣ್ಣಲ್ಲೇ ಬೇಡುತ್ತಿದ್ದೆ. ಮಲ್ಲವ್ವ ಮರೆಪ್ಪನನ್ನು ನೋಡಿದಳು. ಅವನ ಕಣ್ಣು ತುಂಬಿತ್ತು. ಸಾಹೇಬರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನೋಡದೆ ಅವಳು ಕನ್ನಡದಲ್ಲೇ ಹೇಳಿದಳು.

“ಅಲ್ಲರೀ. ಇವ ನನ್ನ ಮಗ ಇದ್ದಂಗ. ನನ್ನ ಗಂಡ ಅಲ್ಲಿ ನಿಂತಾನ ನೋಡ್ರಿ.”

ಯಾರೋ ಅದನ್ನು ಹಿಂದಿಯಲ್ಲಿ ಹೇಳಿದರು. ಸಾಹೇಬರು ಪೆನ್ನು ಕೆಳಗಿಟ್ಟರು. ಸುಳ್ಳು ಬರೆಸಿದ ಪಾಸಿಗೆ ತಾವು ಜಾಗ ಕೊಡುವಂತಿಲ್ಲ, ಅಂದು ನಿನ್ನ ಹೆಸರನ್ನೇ ಬರೆಸಿದ್ದರೆ ಸಾಕಾಗಿತ್ತಲ್ಲ ತಾಯಿ, ಹೀಗೆ ಮಾಡು ಎಂದವರು ಯಾರು ಎಂದು ಕೇಳಿದರು. ಮಲ್ಲವ್ವ ನನ್ನ ಕಡೆ ತಿರುಗಲಿಲ್ಲ. ತಪ್ಪು ನನ್ನದೇ ಎಂದಳು. ನಾನು ಬಾಯಿ ಬಿಡಲಿಲ್ಲ. ಉಳಿದ ಅರವತ್ತು ಮನೆಗಳ ಜಾಗದ ಅರ್ಜಿ ಬರೆದವಳೂ ನಾನೇ, ನಾನು ಮಾತಾಡಿದರೆ ಅವೆಲ್ಲದರ ಮೇಲೂ ಅನುಮಾನ ಬರುತ್ತದೆ ಎಂದು ಆಗ ಅಂದುಕೊಂಡೆ. ಅದು ನೆಪ. ನನಗೆ ಹೆದರಿಕೆಯಾಗಿತ್ತು. ಇವತ್ತಿಗೂ ಆ ಮೈದಾನ ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಣವೀರಪ್ಪ ಜನರನ್ನು ಸರಿಸಿಕೊಂಡು ಬಂದು ತಮ್ಮನ ಹೆಗಲ ಮೇಲೆ ಕೈಯಿಟ್ಟ. ಮೂವರೂ ಹಾಗೇ ಗಲ್ಲಿಯ ಕಡೆ ನಡೆದರು.

ಲಾರಿಗಳು ಬಂದು ಅರವತ್ತು ಮನೆಯವರು ಸಾಮಾನು ಏರಿಸುತ್ತಿದ್ದಾಗ, ಅಣವೀರಪ್ಪ ತನ್ನ ಸೂರಿನ ಮೇಲೆ ಹತ್ತಿ ತಗಡುಗಳನ್ನು ಬಿಚ್ಚುತ್ತಿದ್ದ. ಧಾರಾವಿಯಲ್ಲಿ ಪರಿಚಯದವರೊಬ್ಬರ ಗೋಡೆಗೆ ಆನಿಸಿ ಕಟ್ಟಿಕೊಳ್ಳುತ್ತಾರಂತೆ. ಅಲ್ಲಿಂದ ಎಬ್ಬಿಸಿದರೆ ಮುಂದೆ ಎಲ್ಲಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ನಾನು ಹೋಗಿ ನಿಂತೆ. ಏನೆನ್ನಬೇಕೋ ತಿಳಿಯದೆ ಅತ್ತುಬಿಟ್ಟೆ. ಮಲ್ಲವ್ವ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅಳಬ್ಯಾಡ್ರೀ ಬಾಯಾರ. ಆವತ್ತೂ ನಾ ಬ್ಯಾಡ ಅಂದಿದ್ನಲ್ಲ.”

ಮೇಲಿಂದ ಅಣವೀರಪ್ಪ ಒಂದು ತಗಡನ್ನು ಕೆಳಗೆ ಇಳಿಬಿಟ್ಟು, ಆ ತುದಿ ಸ್ವಲ್ಪ ಹಿಡಿಯಿರಿ ಎಂದ. ಅಂಚು ಅಂಗೈ ಕೊರೆಯುತ್ತಿತ್ತು. ಅವನು ಇಳಿದು ಬಂದು ಹಗ್ಗ ಕಟ್ಟುವ ತನಕ ಹಿಡಿದುಕೊಂಡೇ ನಿಂತಿದ್ದೆ.