ಅಜ್ಜಿ ಹತ್ತುವ ಬಸ್ಸು

ಬಸ್ಸು ಮಾಡುವವರು ಚಕ್ರದಿಂದ ಶುರು ಮಾಡುತ್ತಾರೆ. ನಮ್ಮ ತರಗತಿಯ ಬಸ್ಸು ಬಾಗಿಲಿಂದ ಶುರುವಾಯಿತು. ಅದಕ್ಕೆ ಕಾರಣ ಯಾಕಮ್ಮ. ಐದು ವರ್ಷದ ಆ ಹುಡುಗಿ ಬಾಯಿ ತೆರೆದರೆ 'ಯಾಕೆ' ಅನ್ನುತ್ತಿದ್ದುದರಿಂದ ನಾನಿಟ್ಟ ಹೆಸರು ಅದು.

"ಬಸ್ಸಿನ ಮೆಟ್ಲು ಯಾಕೆ ಅಷ್ಟು ಎತ್ತರ ಮಿಸ್? ನಮ್ಮಜ್ಜಿಗೆ ಹತ್ತಕ್ಕೇ ಆಗಲ್ಲ," ಎಂದಳು ಒಂದು ಬೆಳಿಗ್ಗೆ.

ಅಷ್ಟಕ್ಕೇ, ಅಜ್ಜಿ ಹತ್ತುವಂಥ ಬಸ್ಸು ನಾವೇ ಮಾಡೋಣ ಎಂದು ಮಕ್ಕಳು ಗಲಾಟೆ ಎಬ್ಬಿಸಿದರು.

ನಮ್ಮ ಶಿಶುವಿಹಾರದಲ್ಲಿ ಮಕ್ಕಳು ಕೇಳಿದ್ದೇ ಪಾಠ, ಹಿಡಿದದ್ದೇ ಕೆಲಸ. ಇದನ್ನು ನನಗೆ ಕಲಿಸಿದವಳು ಅಕ್ಕ. ಒಡಹುಟ್ಟಿದವಳಲ್ಲ, ಶಾಲೆ ಕಟ್ಟಿದವಳು. ಆದರೂ ಒಂದೇ ಡಬ್ಬಿಯಲ್ಲಿ ಉಂಡವರು ನಾವು. "ಮಕ್ಕಳ ಕೆಲಸಕ್ಕೆ ದೊಡ್ಡೋರ ಕೈ ಸೋಕಬಾರದು ಕಣೆ. ಸೊಟ್ಟ ಇದ್ರೆ ಸೊಟ್ಟಾನೇ ಚೆಂದ," ಎಂದು ಮೊದಲ ದಿನವೇ ಹೇಳಿದ್ದಳು. ನಾನು ಕಣ್ಣು ಮುಚ್ಚಿ ನಂಬಿದೆ.

ಬಸ್ಸು ಸೊಟ್ಟಗೇ ಎದ್ದಿತು. ಫ್ರಿಜ್ಜಿನ ರಟ್ಟಿನ ಪೆಟ್ಟಿಗೆಗಳು, ಮೈತುಂಬ ಗೋಂದು. ಚಕ್ರಗಳಲ್ಲಿ ಒಂದೂ ದುಂಡಗಿರಲಿಲ್ಲ. ಬಾಗಿಲನ್ನು ಮಾತ್ರ ಯಾಕಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ. ನನ್ನ ಕೈಗೆ ಕೋಲು ಕೊಟ್ಟು, ಅಜ್ಜಿಯ ಹಾಗೆ ಕುಂಟಿಸಿ ಅಳತೆ ತೆಗೆದಳು. ಮುಂದಿದ್ದರೆ ಜನ ನೂಕುತ್ತಾರೆಂದು ಹಿಂಬದಿಯಲ್ಲಿ, ನೆಲಮಟ್ಟಕ್ಕೆ, ಅಗಲವಾಗಿ ಇಟ್ಟಳು.

"ಅಪ್ಪ ಅಮ್ಮ ಎಲ್ಲಾ ಬರೋ ದಿನ ನಮ್ಮಜ್ಜೀನೇ ಫಸ್ಟ್ ಹತ್ತೋದು. ಅಲ್ಲೀವರ್ಗೂ ಯಾರೂ ಮುಟ್ಟಲ್ಲ ತಾನೆ?"

"ಯಾರೂ ಮುಟ್ಟಲ್ಲ. ನಾನಿದೀನಲ್ಲ," ಎಂದೆ.

ಅಪ್ಪ ಅಮ್ಮಂದಿರು ಬರುವ ಆ ದಿನ ಬೆಳಿಗ್ಗೆ ತರಗತಿಗೆ ಕಾಲಿಟ್ಟೆ. ನಮ್ಮ ಬಸ್ಸಿದ್ದ ಜಾಗದಲ್ಲಿ ಪ್ಲೈವುಡ್ಡಿನ ಕೆಂಪು ಬಸ್ಸು, ಚಕ್ರಗಳು ದುಂಡೆಂದರೆ ದುಂಡು. ಬಾಗಿಲೂ ಇತ್ತು, ಮುಂಬದಿಯಲ್ಲಿ, ಬಣ್ಣದಲ್ಲಿ ಬರೆದದ್ದು. ಪಕ್ಕದಲ್ಲಿ ಫಲಕ: 'ನಮ್ಮ ಪುಟಾಣಿಗಳು ತಾವೇ ಮಾಡಿದ ಬಸ್ಸು'.

"ಮಕ್ಕಳದ್ದು ಎಲ್ಲಿ?"

"ಹಿತ್ತಲಲ್ಲಿ," ಎಂದಳು ಅಕ್ಕ. "ನಿನ್ನೆ ನೀನು ಹೋದ್ಮೇಲೆ ಬಡಗೀನ ಕರೆಸ್ದೆ. ಮುಖ ಸಿಂಡರಿಸ್ಬೇಡ. ಹೊಸಬ್ರು ನೋಡೋಕೆ ಬರ್ತಾರೆ, ಆ ರಟ್ಟಿನ ರಾಶಿ ನೋಡಿ ಯಾರು ಮಕ್ಳನ್ನ ಸೇರಿಸ್ತಾರೆ?"

"ಕೈ ಸೋಕಬಾರದು ಅಂದಿದ್ದು ನೀನೇ ಅಲ್ವಾ?"

"ಅದು ಪಾಠದ ಮಾತು ಕಣೆ. ಇದು ಶಾಲೆ ನಡೆಸೋ ಮಾತು."

ಮೈ ಉರಿದುಹೋಯಿತು. ಬೇರೆ ಯಾರಾದರೂ ಆಗಿದ್ದರೆ ಜಗಳಕ್ಕೇ ಬೀಳುತ್ತಿದ್ದೆ. ಅಕ್ಕನೇ ನಂಬಿಸಿ ಕತ್ತು ಕೊಯ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ? ಹಿತ್ತಲಿಗೆ ಓಡಿದೆ. ಬಸ್ಸನ್ನು ಚಪ್ಪಟೆಯಾಗಿ ತುಳಿದು ಕಸದ ತೊಟ್ಟಿಗೆ ಒರಗಿಸಿದ್ದರು. ಬಾಗಿಲು ಹರಿದು ಎರಡಾಗಿತ್ತು.

ಅಷ್ಟರಲ್ಲಿ ಎಲ್ಲರೂ ಬಂದರು. ಚಪ್ಪಾಳೆ, ಫೋಟೊ, ಅಕ್ಕನ ಭಾಷಣ. ಯಾಕಮ್ಮ ಅಜ್ಜಿಯ ಕೈ ಹಿಡಿದು ನೇರ ಬಸ್ಸಿನ ಹಿಂಬದಿಗೆ ಕರೆದುಕೊಂಡು ಹೋದಳು. ಅಲ್ಲಿ ಬರೀ ಹಲಗೆ. ಅಂಗೈಯಿಂದ ತಳ್ಳಿದಳು. ಸುತ್ತಿ ಬಂದು ಬಣ್ಣದ ಬಾಗಿಲನ್ನೂ ತಳ್ಳಿದಳು.

"ಎಷ್ಟು ಚೆನ್ನಾಗಿ ಮಾಡಿದೀಯೇ ಪುಟ್ಟಿ!" ಎಂದರು ಅಜ್ಜಿ, ಕೋಲೂರಿ ನಿಂತೇ.

ಯಾಕಮ್ಮ ತಿರುಗಿ ನೋಡಿದಳು. ಅಕ್ಕನನ್ನಲ್ಲ, ನನ್ನನ್ನು. 'ನಾನಿದೀನಲ್ಲ' ಎಂದಿದ್ದವಳು ನಾನು ತಾನೆ?

ಮರುದಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ನಡೆದದ್ದನ್ನೆಲ್ಲ ಹೇಳಿ ತಪ್ಪಾಯಿತು ಎಂದೆ. ಮುಂದೇನು ಮಾಡೋಣ ಎಂದು ಕೇಳಿದೆ. ಒಬ್ಬ ದೋಣಿ ಎಂದ, ಇನ್ನೊಬ್ಬಳು ಇರುವೆ ಮನೆ ಎಂದಳು. ಯಾಕಮ್ಮ ಕೈಕಟ್ಟಿ ಕೂತಿದ್ದಳು.

"ನಿಂಗೇನು ಬೇಕು ಪುಟ್ಟಿ?"

"ನಿಮಗೆ ಯಾವ್ದು ಬೇಕೋ ಹೇಳಿ ಮಿಸ್. ಅದನ್ನೇ ಮಾಡ್ತೀನಿ."

"ಹಾಗಾದ್ರೆ ಬಾಗಿಲೇ ಇಲ್ಲದ ಬಸ್ಸು ಬರಿ ನೋಡೋಣ," ಎಂದು ಕೆಣಕಿದೆ. 'ಯಾಕೆ' ಅನ್ನಲಿ ಎಂದು ಕಾದೆ.

ಅವಳು ಕೆಂಪು ಕ್ರೇಯಾನ್ ತೆಗೆದುಕೊಂಡು ಬರೆಯಲು ಕೂತಳು.