ಸೆನ್ಸರ್ ತುದಿಯ ಬಿಳುಪು

ಗುಮ್ಮಘಟ್ಟದ ಲಕ್ಷ್ಮೀನರಸಪ್ಪ ಮೇಷ್ಟ್ರ ಕಾರು ಮೂರನೇ ಸಲ ಅದೇ ಕಾಯಿಲೆ ಹೊತ್ತು ರಾಯದುರ್ಗದ ಗಂಗರಾಜುವಿನ ಶೆಡ್ಡಿಗೆ ಬಂತು. ಸ್ಟೇರಿಂಗ್ ಹಿಂದೆ ಹಳದಿ ದೀಪ ಆರುತ್ತಿಲ್ಲ, ಮೈಲೇಜು ಬಿದ್ದಿದೆ, ನಿಂತಲ್ಲೇ ಎಂಜಿನ್ ನಡುಗುತ್ತದೆ. ಮೇಷ್ಟ್ರು ಕೀಲಿಯನ್ನು ಬೆಂಚಿನ ಮೇಲಿಟ್ಟರು.

"ಈ ಸಲ ನಿಮ್ಮ ಬಾಮೈದನೂ ಇಲ್ಲ. ಯಾರನ್ನ ಬೈತೀರಿ ನೋಡೋಣ."

ನಕ್ಕು ಆಟೋ ಹತ್ತಿದರು. ಗಂಗರಾಜುವಿಗೆ ನಗು ಬರಲಿಲ್ಲ.

ಹೋದ ವರ್ಷ ಬಾಮೈದ ಬಾಲರಾಜು ಬಳ್ಳಾರಿಯಿಂದ ಹೊಸ ಆಕ್ಸಿಜನ್ ಸೆನ್ಸರ್ ತಂದು ಇದೇ ಕಾರಿಗೆ ಹಾಕಿದ್ದ. ಹೊಗೆ ಹೋಗುವ ಕೊಳವೆಯಲ್ಲಿ ಕೂತು, ಪೆಟ್ರೋಲು ಹೆಚ್ಚಾಯಿತೋ ಗಾಳಿ ಹೆಚ್ಚಾಯಿತೋ ಅಂತ ಮೂಸಿ ನೋಡಿ ಎಂಜಿನ್ನಿಗೆ ಚಾಡಿ ಹೇಳುವ ಬೆರಳುದ್ದದ ಸಾಮಾನು ಅದು. ಎರಡೇ ತಿಂಗಳಿಗೆ ಮಂದವಾಯಿತು. ಅಸಲಿ ಮಾರಿಕೊಂಡು ಡೂಪ್ಲಿಕೇಟ್ ಹಾಕಿದ್ದಾನೆ ಅಂತ ಗಂಗರಾಜು ತೀರ್ಮಾನಿಸಿದ. ಮನಸ್ಸಿನಲ್ಲಿ ತೀರ್ಮಾನಿಸಿ ಸುಮ್ಮನಿದ್ದಿದ್ದರೆ ಆ ಮಾತು ಬೇರೆ. ಮೇಷ್ಟ್ರೆದುರು, ಚಹದಂಗಡಿಯ ಮಂದಿಯೆದುರು, ಅವನ ಚೀಲ ಸುರಿಸಿದ. ಸ್ಪ್ಯಾನರು, ಬುತ್ತಿ ಡಬ್ಬಿ, ಒಂದು ಬಾಚಣಿಗೆ ಬಿದ್ದವು. ಸೆನ್ಸರ್ ಬೀಳಲಿಲ್ಲ. ಬೀಳದಿದ್ದದ್ದೇ ಕಳ್ಳತನಕ್ಕೆ ಸಾಕ್ಷಿಯಾಯಿತು. ಬಾಲರಾಜು ಎಲ್ಲವನ್ನೂ ಹೆಕ್ಕಿಕೊಂಡು ತನ್ನೂರು ಮಡಕಶಿರಾದ ಬಸ್ಸು ಹಿಡಿದ. ಮಾತು ಅವನಿಗಿಂತ ಮುಂಚೆ ಊರು ಮುಟ್ಟಿತ್ತು. ಯಾವ ಗ್ಯಾರೇಜಿನವನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಹುಡುಗ ಈಗ ಪಂಕ್ಚರ್ ಹಾಕುತ್ತಾನೆ. ಅವನಕ್ಕ ಮಂಗಳಾ, ಗಂಗರಾಜುವಿನ ಹೆಂಡತಿ, ಅಂದಿನಿಂದ ತವರಿನ ಮೆಟ್ಟಿಲು ಹತ್ತಿಲ್ಲ.

ಗಂಗರಾಜು ಸ್ಕ್ಯಾನರ್ ಸಿಕ್ಕಿಸಿದ. ಅದರ ಪರದೆಯ ಮೇಲೆ ಸೆನ್ಸರಿನ ಗೆರೆ ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಕುಣಿಯಬೇಕು. ಇದು ಕೆಸರಿನಿಂದ ಏಳುವ ಎಮ್ಮೆಯ ಹಾಗೆ ಏಳುತ್ತಿತ್ತು. ಎಂಜಿನ್ನಿಗೆ ಗಾಳಿ ನುಗ್ಗಲಿ ಅಂತ ಒಂದು ರಬ್ಬರ್ ಪೈಪು ಕಿತ್ತ. ಕಿತ್ತ ಕ್ಷಣಕ್ಕೇ ಗೆರೆ ಬೀಳಬೇಕಿತ್ತು. ಮೂರು ಎಣಿಸಿದ ಮೇಲೆ ಬಿತ್ತು. ಕೊಳವೆ ಎಲ್ಲೂ ಸೋರುತ್ತಿಲ್ಲ, ವೈರು ಸುಟ್ಟಿಲ್ಲ. ಸೆನ್ಸರೇ ಸತ್ತಿದೆ. ಆದರೆ ಬಾಲರಾಜು ಹೋದ ಮೇಲೆ ಇದನ್ನು ಬಳ್ಳಾರಿಯಿಂದ ತಂದವನೂ ಹಾಕಿದವನೂ ತಾನೇ.

ಎಂಜಿನ್ ಆರಿದ ಮೇಲೆ ಅದನ್ನು ಬಿಚ್ಚಿದ. ತುದಿಗೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಅಂಟಿತ್ತು.

ಹೊಸ ಸೆನ್ಸರಿನ ಡಬ್ಬಿಯಲ್ಲಿ ಒಂದು ಚೀಟಿ ಬರುತ್ತದೆ. ಬಾಲರಾಜು ಅಂಥವನ್ನು ಕೂತು ಓದುತ್ತಿದ್ದ. ಪರೀಕ್ಷೆಗೆ ಕಟ್ಟಿದ್ದೀಯೇನೋ ಅಂತ ಗಂಗರಾಜು ಹಂಗಿಸುತ್ತಿದ್ದ. ಈಗ ಶೆಡ್ಡಿನಲ್ಲಿ ಉಳಿದಿದ್ದ ಡಬ್ಬಿಯಿಂದ ಅದನ್ನು ತೆಗೆದು ತಾನೂ ಬಿಡಿಸಿ ನೋಡಿದ. ಸೆನ್ಸರ್ ತುದಿಗಳ ಚಿತ್ರಗಳು ಸಾಲಾಗಿದ್ದವು. ಕಪ್ಪಾದರೆ ಪೆಟ್ರೋಲು ಹೆಚ್ಚು, ಕಂದು ಬಣ್ಣವಾದರೆ ಆಯಿಲ್ ಸುಡುತ್ತಿದೆ. ಬಿಳಿಯ ಕೆಳಗೆ ಸೋರಿಕೆ ಮುಚ್ಚುವ ಸಿಲಿಕೋನ್ ಪೇಸ್ಟಿನ ಟ್ಯೂಬಿನ ಚಿತ್ರವಿತ್ತು.

ಆಯಿಲ್ ಸೋರುತ್ತದೆಂದು ಎಂಜಿನ್ನಿನ ಮೇಲ್ಮುಚ್ಚಳಕ್ಕೆ ಎರಡು ಸಲವೂ ಪೇಸ್ಟ್ ಮೆತ್ತಿದ್ದು ಅವನೇ. ಅಗ್ಗದ ಪೇಸ್ಟು, ಧಾರಾಳ ಕೈ. ಅದರ ಆವಿ ಎಂಜಿನ್ನಿನೊಳಗೆ ಹೋಗಿ, ಸುಟ್ಟು, ಎರಡೂ ಸೆನ್ಸರುಗಳ ಮೂಗು ಮುಚ್ಚಿತ್ತು. ಪೇಸ್ಟ್ ಹಚ್ಚುವುದು ಕೈ ಪಳಗಿದವರ ಕೆಲಸ ಅಂತ ಬಾಲರಾಜುವಿಗೆ ಟ್ಯೂಬು ಮುಟ್ಟಲೂ ಕೊಟ್ಟಿರಲಿಲ್ಲ.

ಮರುದಿನ ಸೆನ್ಸರನ್ನು ಚೀಟಿಯಲ್ಲಿ ಸುತ್ತಿ ಜೇಬಿಗಿಟ್ಟು ಮಡಕಶಿರಾಕ್ಕೆ ಹೋದ. ಮಂಗಳಾಗೆ, ನಿನ್ನ ತಮ್ಮನನ್ನು ನೋಡಿ ಬರುತ್ತೇನೆ ಅಂದ ಅಷ್ಟೇ. ಅವಳು ಕಡಲೆಬೀಜದ ಚಟ್ನಿಪುಡಿ ಕಟ್ಟಿಕೊಟ್ಟಳು.

ಬಾಲರಾಜು ಲಾರಿಯ ಟೈರಿನ ಪಕ್ಕ ಕೂತಿದ್ದ. ಎದ್ದ, ಕೈ ಒರೆಸಿಕೊಂಡ, ಸ್ಟೂಲು ಹಾಕಿದ, ಟೀ ತರಿಸಿದ. ಮರ್ಯಾದೆಯಲ್ಲಿ ಕೂದಲೆಳೆಯಷ್ಟೂ ಕೊರತೆ ಮಾಡಲಿಲ್ಲ. ಅದನ್ನೇ ಗಂಗರಾಜುವಿಗೆ ತಡೆಯಲಾಗಲಿಲ್ಲ. ಚೀಟಿ ಬಿಚ್ಚಿ ಸೆನ್ಸರ್ ತೋರಿಸಿದ. ಬಾಲರಾಜು ಅದನ್ನು ಮುಟ್ಟಲಿಲ್ಲ.

"ಅವತ್ತೇ ನೋಡಿದ್ದೆ ಭಾವ. ನಾನು ಹಾಕಿದ್ದೂ ಹಿಂಗೇ ಬೆಳ್ಳಗಿತ್ತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಾಕೆ ಬಾಯಿ ತೆಗ್ದೆ. ಅಷ್ಟೊತ್ಗೆ ಚೀಲ ಸುರಿ ಅಂದ್ರಿ. ಚೀಲ ಸುರಿದೋನ ಮಾತು ಯಾರು ಕೇಳ್ತಾರೆ?"

ಗಂಗರಾಜು ತಲೆ ತಗ್ಗಿಸಿ, ತಪ್ಪು ತನ್ನದೇ, ಹಿಂದಕ್ಕೆ ಬಾ ಅಂದ.

"ಮೇಷ್ಟ್ರಿಗೆ ಹೇಳಿದ್ರಾ?"

ಗಂಗರಾಜು ಟೀ ಲೋಟ ನೋಡಿದ.

"ನನ್ ಕಿವೀಲಿ ಹೇಳಿ ಏನು ಉಪಯೋಗ ಭಾವ? ನಂಗೆ ಗೊತ್ತಿರೋದೇ ಅಲ್ವಾ. ಎಲ್ಲಿ ಸುರಿಸಿದ್ರೋ ಅಲ್ಲೇ ಹೇಳಿ. ಆವಾಗ ಬತ್ತೀನಿ."

ರಾಯದುರ್ಗಕ್ಕೆ ಮರಳಿ ಗಂಗರಾಜು ಮೂರು ದಿನ ಆ ಕಾರಿಗೇ ಅಂಟಿಕೊಂಡ. ಮುಚ್ಚಳ ಬಿಚ್ಚಿ, ಹಳೇ ಪೇಸ್ಟನ್ನು ಚೂರೂ ಬಿಡದೆ ಕೆರೆದು, ಅದರ ಬದಲು ಸೋರದ ಹಾಗೆ ಹೊಸ ರಬ್ಬರ್ ಗ್ಯಾಸ್ಕೆಟ್ ಕೂರಿಸಿದ. ಹೊಸ ಸೆನ್ಸರ್ ಹಾಕಿದ. ಸ್ಕ್ಯಾನರಿನ ಗೆರೆ ಕುಣಿಯಿತು. ಅಂಥ ಚೊಕ್ಕ ಕೆಲಸ ಅವನು ಎಷ್ಟೋ ವರ್ಷದಿಂದ ಮಾಡಿರಲಿಲ್ಲ.

ಮೇಷ್ಟ್ರು ಬಂದಾಗ ಚಹದಂಗಡಿಯ ನಾಲ್ಕು ಮಂದಿ ಅಲ್ಲೇ ನಿಂತಿದ್ದರು. ಮಂಗಳಾ ಬುತ್ತಿ ತಂದಿದ್ದಳು. ಏನಾಗಿತ್ತು ಅಂತ ಮೇಷ್ಟ್ರು ಕೇಳಿದರು. ಮಾತು ಬಾಯಿಗೆ ಬಂತು, ಹಲ್ಲಿಗೆ ತಾಕಿ ಹಿಂದಕ್ಕೆ ಹೋಯಿತು.

"ಪೀಸೇ ಸರಿ ಇರಲಿಲ್ರಿ. ಬಳ್ಳಾರಿಯವರು ನನಗೂ ಡೂಪ್ಲಿಕೇಟ್ ಕೊಟ್ಟಿದ್ರು."

"ಹಂಗಾರ ನಿಮ್ಮ ಬಾಮೈದಗೂ ಹಂಗ ಆಗಿರಬೋದಲ್ರಿ?"

ಬಾಮೈದನ ಹೆಸರು ತೊಳೆಯಲು ಮೇಷ್ಟ್ರೇ ಬಾಗಿಲು ತೆರೆದು ಹಿಡಿದಿದ್ದರು. ಒಂದು 'ಹೌದ್ರಿ' ಸಾಕಿತ್ತು. ತನ್ನ ಪೇಸ್ಟಿನ ಹೆಸರೂ ಬರುತ್ತಿರಲಿಲ್ಲ. ಆದರೆ ಹಾಗಂದರೆ, ಅವತ್ತು ಚೀಲ ಯಾಕೆ ಸುರಿಸಿದಿ ಅಂತ ಆ ನಾಲ್ಕು ಮಂದಿ ಕೇಳದೆ ಬಿಡುತ್ತಾರೆಯೇ?

"ಅವನ ಕಥೆ ಬ್ಯಾರೆ ಬಿಡ್ರಿ," ಅಂದ.

ಮಂಗಳಾ ಬುತ್ತಿಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು.

ಕಾರು ಮತ್ತೆ ಕೆಡಲಿಲ್ಲ. ಆರು ತಿಂಗಳಾದರೂ ಹಳದಿ ದೀಪ ಹತ್ತಲಿಲ್ಲ. ಬಾಮೈದ ಹೋದ ಮೇಲೆ ಗಂಗರಾಜುವಿನ ಶೆಡ್ಡಿನಲ್ಲಿ ಮೋಸವಿಲ್ಲ ಅಂತ ಮೇಷ್ಟ್ರು ಕಣೇಕಲ್ಲಿನ ತನಕ ಸಾರಿದರು. ಗಿರಾಕಿಗಳು ಹೆಚ್ಚಿದರು. ಒಬ್ಬನಿಂದ ಆಗದ ಕೆಲಸ. ಯಾರನ್ನಾದರೂ ಇಟ್ಟುಕೊಳ್ಳಿ ಅಂತ ಬಂದವರೆಲ್ಲ ಹೇಳುತ್ತಾರೆ. ನಂಬಿಕಸ್ತರು ಸಿಗಬೇಕಲ್ರಿ ಅನ್ನುತ್ತಾನೆ ಗಂಗರಾಜು.