ಪ್ರಿಂಟಿಗೊಂದು, ಇಮೇಲಿಗೊಂದು

ಇಂಥದ್ದನ್ನು ಹೇಳಲು ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅವರ್‍ಯಾರೂ ಬಾಯಿ ಬಿಡುವ ಹಾಗೆ ಕಾಣುತ್ತಿಲ್ಲ. ಊಟ ಮಾಡುತ್ತ ಓದುವ ಅಭ್ಯಾಸ ಇದ್ದವರು ಊಟ ಮುಗಿಸಿಕೊಂಡು ಬಂದರೆ ಒಳ್ಳೆಯದು.

ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸ ಅವಳದು, ಎಲ್ಲರೂ ಅವಳನ್ನು ಡಿಟಿಪಿ ಅಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಎರಡು ಕುರ್ಚಿ. ಒಂದು ಅವಳದು, ಇನ್ನೊಂದು ಗಿರಾಕಿಯದು. ಗಿರಾಕಿ ಪಕ್ಕದಲ್ಲೇ ಕೂತು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಆ ಕಡೆ ಸರಿಸಿ ಎನ್ನುವುದು, ಅವಳು ಸರಿಸುವುದು, ಕಡೆಗೆ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುವುದು. ಅವಳು ಬೇಸರಪಟ್ಟುಕೊಂಡವಳಲ್ಲ.

ಆವತ್ತು ಕೂತಿದ್ದವನು ವೃದ್ಧಾಶ್ರಮದ ಮ್ಯಾನೇಜರ್. ಆಶ್ರಮದ ವಾರ್ತಾಪತ್ರವನ್ನು ಅಚ್ಚು ಹಾಕಿಸಿ ಬಂದುಹೋಗುವವರಿಗೆ ಹಂಚುತ್ತಿದ್ದರು, ಅದನ್ನೇ ಅಲ್ಲಿರುವವರ ಮಕ್ಕಳಿಗೆ ಇಮೇಲಿನಲ್ಲಿ ಕಳಿಸುತ್ತಿದ್ದರು. ಮ್ಯಾನೇಜರ್ ವಿಸಿಟಿಂಗ್ ಕಾರ್ಡಿನ ಮೂಲೆಯಿಂದ ಹಲ್ಲಿನ ಸಂದಿ ಕೆದಕುತ್ತಿದ್ದ. ಕೆದಕಿ, ಅದೇ ಮೂಲೆಯಿಂದ ಪರದೆಯ ಮೇಲೆ ತೋರಿಸಿ, "ಈ ಸಾಲು ದಪ್ಪ ಮಾಡಿ" ಎಂದ. 'ಮನೆಯಂಥ ಅಕ್ಕರೆ, ಮನೆಗಿಂತ ಶುಚಿ' ಎಂಬ ಸಾಲಿನ ಮೇಲೆ ಒಂದು ಒದ್ದೆ ಚುಕ್ಕೆ ಉಳಿಯಿತು. ಅವಳು ಸೆರಗಿನಿಂದ ಒರೆಸಹೋಗಿ ಕೈ ಹಿಂದಕ್ಕೆ ಎಳೆದುಕೊಂಡಳು.

ಅವಳ ದೊಡ್ಡಮ್ಮ ಇದ್ದದ್ದು ಅದೇ ಆಶ್ರಮದಲ್ಲಿ. ಅದು ಅವನಿಗೆ ಗೊತ್ತಿರಲಿಲ್ಲ. ಅವಳು ಹೋಗುತ್ತಿದ್ದದ್ದು ಭಾನುವಾರ, ಅವನಿಗೆ ಅವತ್ತು ರಜೆ. ಸೇರಿಸಿದವನು, ಸಹಿ ಹಾಕಿದವನು ದೊಡ್ಡಮ್ಮನ ಮಗ, ಅಂದರೆ ಅವಳ ಅಣ್ಣ. ತಾಯಿ ಇಲ್ಲದ ಅವಳನ್ನು ಸಾಕಿದವಳು ದೊಡ್ಡಮ್ಮ. ಸೋಪನ್ನೂ ತೊಳೆದು ಇಡುತ್ತಿದ್ದ ಹೆಂಗಸು. ಲಕ್ವ ಹೊಡೆದ ಮೇಲೆ ಮಾತು ನಿಂತಿತ್ತು. "ದೊಡ್ಡಮ್ಮನ ಮೈ ವಾಸನೆ ಬರುತ್ತೆ ಅಣ್ಣ" ಎಂದು ಅವಳು ಒಮ್ಮೆ ಹೇಳಿದ್ದಕ್ಕೆ, "ವಯಸ್ಸಾದವರು ಹಾಗೇ ಇರ್ತಾರೆ. ನಿನಗೆ ಮೂಗು ಸ್ವಲ್ಪ ಜಾಸ್ತಿ" ಎಂದಿದ್ದ. ಅವಳಿಗೂ ಇರಬಹುದೇನೋ ಅನ್ನಿಸಿತ್ತು.

ಊಟದ ಕೋಣೆಯ ಫೋಟೋ ಬಂತು. ಸಾಲಾಗಿ ಕೂತ ಮುದುಕರು, ಮುದುಕಿಯರು, ಕ್ಯಾಮೆರಾ ನೋಡಿ ನಗು. ಬಣ್ಣ ಸರಿಮಾಡಲು ದೊಡ್ಡದು ಮಾಡಿದಳು. ಬಲಗಡೆಯ ಅಂಚಿನಲ್ಲಿ ಹಸಿರು ಸ್ವೆಟರ್ ಕಂಡಿತು, ಅವಳೇ ಹೆಣೆದದ್ದು. ದೊಡ್ಡಮ್ಮನ ಮುಂದೆ ಬಗ್ಗಿದ ಆಯಾಳ ಎಡಗೈಯಲ್ಲಿ ನೆಲ ಒರೆಸುವ ಬಕೆಟ್ಟು. ಬಲಗೈಯಲ್ಲಿ ನೆಲ ಒರೆಸುವ ಬಟ್ಟೆ. ಆ ಬಟ್ಟೆಯಿಂದ ದೊಡ್ಡಮ್ಮನ ಬಾಯಿ ಒರೆಸುತ್ತಿದ್ದಳು. ಕಪ್ಪು ನೀರು ಗದ್ದದಿಂದ ಇಳಿದು ಸ್ವೆಟರಿನ ಎದೆಯನ್ನು ನೆನೆಸಿತ್ತು.

"ಬಲಗಡೆ ತೆಗೀರಿ," ಎಂದ ಮ್ಯಾನೇಜರ್. "ಬಕೆಟ್ ಕಾಣ್ತಿದೆ, ನೋಡೋಕೆ ಚೆನ್ನಾಗಿಲ್ಲ."

"ಆ ಬಟ್ಟೆ, ಸರ್..."

"ಯಾವ ಬಟ್ಟೆ?" ಮುಂದಕ್ಕೆ ಬಾಗಿ ನೋಡಿದ. ನೋಡಿ ನಕ್ಕ. "ಅವರಿಗೇನೂ ಗೊತ್ತಾಗಲ್ಲ ಬಿಡಮ್ಮ. ಮಾತೂ ಬರಲ್ಲ. ತೆಗೀರಿ."

ಅವಳು ತೆಗೆದಳು. ಫೋಟೋದ ಚೌಕಟ್ಟನ್ನು ಒಳಕ್ಕೆ ಎಳೆದರೆ ಸಾಕು, ಹೊರಗಿದ್ದದ್ದು ಮಾಯ. ಎಳೆದದ್ದು ಅವಳದೇ ಕೈ. ಅಚ್ಚಿಗೆ ಮುನ್ನ ಗಿರಾಕಿಗೆ ತೋರಿಸಲು ತೆಗೆದ ಪ್ರೂಫಿನ ಮೇಲೆ ಮ್ಯಾನೇಜರ್ ಓಕೆ ಎಂದು ಬರೆದು ಸಹಿ ಹಾಕಿದ. "ಇಮೇಲ್ ನೀವೇ ಕಳಿಸಿಬಿಡಿ, ಎಲ್ಲರ ವಿಳಾಸ ಕೊಟ್ಟಿದ್ದೀನಲ್ಲ," ಎಂದು ಎದ್ದುಹೋದ. ಹಲ್ಲು ಕೆದಕಿದ ಕಾರ್ಡನ್ನು ಅವಳ ಮೇಜಿನ ಮೇಲೇ ಬಿಟ್ಟಿದ್ದ.

ಅವಳು ಹಿಂದಿನ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಒರೆಸಿಕೊಳ್ಳಲು ಅಲ್ಲಿದ್ದ ಟವೆಲಿಗೆ ಕೈಚಾಚಿ, ಬೇಡವೆಂದು ಹಾಗೇ ಒದ್ದೆ ಮುಖದಲ್ಲಿ ಬಂದಳು.

"ಮೈಗೆ ಹುಷಾರಿಲ್ವಾ ಅಕ್ಕ?" ಎಂದರು ಪ್ರೆಸ್ಸಿನ ಯಜಮಾನರು. "ಫೈಲ್ ಕೊಟ್ಟುಬಿಟ್ರೆ ಮಷಿನ್ ಶುರು ಮಾಡಿಸ್ತೀನಿ. ಆಮೇಲೆ ಮನೆಗೆ ಹೊರಡಿ."

ಕೊಟ್ಟಳು.

ಆ ಕೆಲಸದಲ್ಲಿ ಒಂದು ರೂಢಿ ಇದೆ. ಪ್ರಿಂಟಿಗೆ ಒಂದು ಫೈಲು, ಇಮೇಲಿಗೆ ಇನ್ನೊಂದು. ಪ್ರಿಂಟಿನದು ಭಾರ, ಇಮೇಲಿನದು ಫೋಟೋಗಳನ್ನು ಸೊರಗಿಸಿ ಹಗುರ ಮಾಡಿದ್ದು. ಗಿರಾಕಿ ಸಹಿ ಹಾಕುವುದು ಕಾಗದದ ಪ್ರೂಫಿಗೆ ಮಾತ್ರ. ಎರಡೂ ಒಂದೇ ಎಂದು ನಂಬಿ ಇಮೇಲಿನ ಫೈಲನ್ನು ಯಾರೂ ತೆರೆದು ನೋಡುವುದಿಲ್ಲ.

ಅವಳು ಇಮೇಲಿನ ಫೈಲನ್ನು ತೆರೆದು ನೋಡುತ್ತ ಕೂತಳು. ಯಜಮಾನರ ಅನ್ನ ತಿಂದು ಅವರ ಗಿರಾಕಿಗೆ ದ್ರೋಹ ಮಾಡುವುದೇ? ಅಣ್ಣನಿಗೆ ಸುಮ್ಮನೆ ಫೋನ್ ಮಾಡಿದರಾಗದೇ? ಮಾಡಿದರೆ ಮತ್ತೆ ಮೂಗಿನ ಮಾತೇ ಬರುತ್ತದೆ. ಆಯಾಳ ಮೇಲೆ ಬಂದ ಹೇಸಿಗೆ ಮ್ಯಾನೇಜರನ ಮೇಲೆ ತಿರುಗಿ, ಅಲ್ಲಿಂದ ತನ್ನ ಬೆರಳುಗಳ ಮೇಲೇ ಬಂದು ಕೂತಿತ್ತು. ಅವಳು ಚೌಕಟ್ಟನ್ನು ಹಿಡಿದು ಬಲಕ್ಕೆ ಎಳೆದಳು. ಬಕೆಟ್ಟು, ಬಟ್ಟೆ, ಹಸಿರು ಸ್ವೆಟರ್ ಎಲ್ಲ ವಾಪಸ್ಸು ಬಂದವು. ಹಗುರ ಮಾಡಿದರೆ ಬಟ್ಟೆ ಬರೀ ಬೂದಿ ಬಣ್ಣದ ಕಲೆ ಆಗುತ್ತಿತ್ತು. ಆ ಒಂದು ಫೋಟೋವನ್ನು ಮಾತ್ರ ಇದ್ದ ಹಾಗೇ ಉಳಿಸಿ, ಎಲ್ಲ ಮನೆಗಳಿಗೂ ಕಳಿಸಿದಳು.

ಸಂಜೆ ಅಣ್ಣನ ಫೋನ್ ಬಂತು.

"ಪತ್ರಿಕೆ ನೋಡಿದೆ ಕಣೇ. ನಿಮ್ಮ ಪ್ರೆಸ್ಸಿನಿಂದ ಬಂದಿದೆ, ನೀನೇ ಮಾಡಿದ್ದಾ? ಅಮ್ಮನ ಫೋಟೋನೂ ಬಂದಿದೆ. ಮಗುವಿಗೆ ಒರೆಸೋ ಹಾಗೆ ಬಾಯಿ ಒರೆಸ್ತಿದ್ದಾರೆ ಪಾಪ. ನೀನು ನೋಡಿದ್ರೆ ಏನೇನೋ ಹೇಳ್ತಿದ್ದೆ."

"ಅದು ನೆಲ ಒರೆಸೋ ಬಟ್ಟೆ ಅಣ್ಣ."

ಆ ಕಡೆ ಅವನು ಟೀವಿಯ ಸದ್ದು ಏರಿಸಿದ. ಅವಳು ಬಿಡಲಿಲ್ಲ.

"ಬಕೆಟ್ ಕಾಣಲಿಲ್ವಾ? ಇನ್ನೊಂದ್ಸಲ ತೆಗೆದು ನೋಡು."

"ನೋಡಿದೆ ಅಂದ್ನಲ್ಲ," ಎಂದ ಅಣ್ಣ. "ಬಕೆಟ್ ಎಲ್ಲರ ಮನೇಲೂ ಇರುತ್ತೆ. ನಿನಗೆ ಅಷ್ಟೊಂದು ಹೇಸಿಗೆ ಆದ್ರೆ ನೀನೇ ಕರ್ಕೊಂಡು ಹೋಗಿ ಇಟ್ಕೋ."

"ಸರಿ. ಆಶ್ರಮದಿಂದ ಬಿಡಿಸೋ ಕಾಗದಕ್ಕೆ ಸಹಿ ಹಾಕಿ ಕಳಿಸು."

ಅವನು ನಿರೀಕ್ಷಿಸಿದ್ದ ಉತ್ತರ ಅದಲ್ಲ. ಆದರೂ ಆಡಿದ ಮಾತು ನುಂಗಲಾಗದೆ ಕಳಿಸಿದ. ಅವಳು ಭಾನುವಾರವೇ ಹೋಗಿ ದೊಡ್ಡಮ್ಮನನ್ನು ತನ್ನ ಒಂದೇ ಕೋಣೆಯ ಮನೆಗೆ ಕರೆತಂದಳು. ಗದ್ದದ ಕೆಳಗಿನ ಮಡಿಕೆಯಲ್ಲಿ ಕೊಳೆ ಪದರಗಟ್ಟಿತ್ತು. ಬಿಸಿನೀರಿನಲ್ಲಿ ನೆನೆಸಿ ತೆಗೆಯುವಾಗ ಅವಳಿಗೆ ಮತ್ತೆ ವಾಕರಿಕೆ ಬಂತು. ಹಲ್ಲು ಕಚ್ಚಿಕೊಂಡು ತೆಗೆದಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

ಮ್ಯಾನೇಜರ್ ಮುಂದಿನ ಪತ್ರಿಕೆಗೂ ಅದೇ ಕುರ್ಚಿಗೆ ಬಂದು ಕೂತ. "ಹೋದ ಸಲದ್ದು ಚೆನ್ನಾಗಿ ಬಂದಿತ್ತು, ಯಾರೂ ತಕರಾರು ಹೇಳಿಲ್ಲ," ಎಂದ. ಇನ್ನು ಮುಂದೆ ಆಶ್ರಮದ ಕೆಲಸ ತನ್ನಿಂದ ಆಗುವುದಿಲ್ಲ ಎಂದು ಅವಳು ಯಜಮಾನರಿಗೆ ಹೇಳಿದಳು. ಅವರು ಮುಖ ಊದಿಸಿಕೊಂಡು ತಾವೇ ಮೌಸ್ ಹಿಡಿದರು.

ಅಷ್ಟೊಂದು ಮನೆಗಳಿಗೆ ಹೋದ ಆ ಫೋಟೋವನ್ನು ಎಷ್ಟು ಜನ ತೆರೆದರೋ, ತೆರೆದವರಿಗೆ ಏನು ಕಂಡಿತೋ ಗೊತ್ತಿಲ್ಲ. ಅಣ್ಣನಿಗೆ ನಿಜವಾಗಿ ಕಾಣಲಿಲ್ಲವೋ, ಕಂಡೂ ಹಾಗೆ ಹೇಳಿದನೋ, ಅದೂ ಗೊತ್ತಿಲ್ಲ. ಅವಳು ಕೇಳಿಲ್ಲ.